ಸಡಿಲ ಷರಾಯಿಯ ಪರವಾಗಿ

ಕಳೆದ ತಿಂಗಳು ಬಂಧುಗಳ ಮದುವೆಗೆಂದು ಪ್ಯಾಂಟು ಕೊಳ್ಳಲು ಮಗನೊಡನೆ ಸಿದ್ಧ ಉಡುಪಿನ ಅಂಗಡಿಯೊಂದಕ್ಕೆ ಹೋಗಿದ್ದೆ. ತೊಟ್ಟು ನೋಡಿದ ಮೂರರಲ್ಲಿಯೂ ಕುಕ್ಕರಗಾಲಿನಲ್ಲಿ ಕೂರಲಾಗಲಿಲ್ಲ. ಸಡಿಲವಾದದ್ದು ಬೇಕೆಂದಾಗ ಅಂಗಡಿಯ ಹುಡುಗ, "ಅಂಕಲ್, ಅದು ರಿಲ್ಯಾಕ್ಸ್ಡ್ ಫಿಟ್. ಹೊಸ ಫ್ಯಾಷನ್ನು, ರೇಟು ಜಾಸ್ತಿ" ಎಂದ. ಮಗ ನಕ್ಕ. ನನಗೆ ನಗು ಬರಲಿಲ್ಲ. ನಮ್ಮೂರಿನ ದರ್ಜಿ ಕೇಳದೆಯೇ ಕೊಡುತ್ತಿದ್ದ ಎರಡು ಬೆರಳಿನ ಸಡಿಲವನ್ನು ಕಿತ್ತುಕೊಂಡು, ಇಂಗ್ಲಿಷ್ ಹೆಸರಿಟ್ಟು ನಮಗೇ ಮಾರುವುದನ್ನು ವ್ಯಾಪಾರವೆನ್ನಬೇಕೋ ವಂಚನೆಯೆನ್ನಬೇಕೋ ತಿಳಿಯದು.

ಹೊಸತೆಂಬ ಮಾತೂ ಸುಳ್ಳು. 1920ರ ದಶಕದಲ್ಲಿಯೇ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು ಬೂಟು ಮುಚ್ಚುವಷ್ಟು ಅಗಲದ ಷರಾಯಿ ತೊಟ್ಟಿದ್ದರು. ಯುದ್ಧಕಾಲದಲ್ಲಿ ಉಣ್ಣೆಯನ್ನು ಉಳಿಸಲೆಂದು 1942ರಲ್ಲಿ ಅಮೆರಿಕದ ಸರ್ಕಾರ ಗಂಡಸರ ಸೂಟುಗಳ ಬಟ್ಟೆಗೆ ಮಿತಿ ಹಾಕಿತು. ಮರುವರ್ಷ ಜೂನಿನಲ್ಲಿ ಲಾಸ್ ಏಂಜಲೀಸಿನ ಬೀದಿಗಳಲ್ಲಿ ನೌಕಾಪಡೆಯ ಸಿಪಾಯಿಗಳು ದೊಗಲೆ ಜೂಟ್ ಸೂಟಿನ ಮೆಕ್ಸಿಕನ್ ಮೂಲದ ತರುಣರನ್ನು ಥಳಿಸಿ, ಮೈಮೇಲಿನ ಬಟ್ಟೆ ಕಿತ್ತೆಸೆದರು. ಷರಾಯಿಯ ಅಗಲದಲ್ಲಿ ಅಶಿಸ್ತನ್ನು ಕಾಣುವ ಚಟ ಹಳೆಯದು.

ಆ ಚಟ ನನಗೂ ಇತ್ತು. 1990ರ ಸುಮಾರಿಗೆ ಬ್ಯಾಗಿ ಪ್ಯಾಂಟು ನಮ್ಮ ಮಲೆನಾಡಿನ ಶಾಲೆಗೂ ಬಂದಾಗ, ದೊಗಲೆ ಪ್ಯಾಂಟಿನ ಒಂಬತ್ತನೆಯ ತರಗತಿಯ ಹುಡುಗನೊಬ್ಬನನ್ನು ಇಡೀ ಪೀರಿಯಡ್ ಹೊರಗೆ ನಿಲ್ಲಿಸಿದೆ. ಅದು ಫ್ಯಾಷನ್ನಲ್ಲ, ಅವನ ಅಣ್ಣನ ಪ್ಯಾಂಟು ಎಂದು ಸಂಜೆ ಜವಾನ ಹೇಳಿದ. ಸೊಂಟಕ್ಕೆ ಸೆಣಬಿನ ದಾರ ಬಿಗಿದಿದ್ದನಂತೆ. ನಾನು ಅವನ ಕ್ಷಮೆ ಕೇಳಲಿಲ್ಲ. ಮೇಷ್ಟ್ರುಗಳು ಆಗ ಕೇಳುತ್ತಿರಲಿಲ್ಲ.

1988ರಲ್ಲಿ ನನ್ನ ಮದುವೆಗೆ ಹೊಲಿಸಿದ ಬೂದುಬಣ್ಣದ ಉಣ್ಣೆಯ ಪ್ಯಾಂಟು ಇಂದಿಗೂ ಬೀರುವಿನಲ್ಲಿದೆ. ಹಿಂಬದಿಯ ಹೊಲಿಗೆಯೊಳಗೆ ದರ್ಜಿ ಒಂದೂವರೆ ಇಂಚು ಬಟ್ಟೆ ಬಿಟ್ಟಿದ್ದರು. "ಹೊಟ್ಟೆ ಬರುತ್ತೆ ಮೇಷ್ಟ್ರೇ, ಇರಲಿ" ಎಂದಿದ್ದರು. ಹೊಟ್ಟೆ ಬಂತು, ಎರಡು ಬಾರಿ ಬಿಚ್ಚಿ ಹೊಲಿದರು. ಇಂದಿನ ಸಿದ್ಧ ಪ್ಯಾಂಟಿನ ಒಳಮಗ್ಗುಲನ್ನು ತಿರುಗಿಸಿ ನೋಡಿ, ಬಿಚ್ಚಲು ಅಲ್ಲಿ ಬಟ್ಟೆಯೇ ಇರುವುದು ಅಪರೂಪ. ಉಣ್ಣೆಯ ಎಳೆ ಸಹಜವಾಗಿಯೇ ಸುರುಳಿಯಾದದ್ದು, ಎಳೆದರೆ ಹಿಗ್ಗಿ ಮತ್ತೆ ಕುಗ್ಗುತ್ತದೆ. ಆದ್ದರಿಂದ ರಾತ್ರಿ ನೇತುಹಾಕಿದರೆ ಸುಕ್ಕು ಬಹುಮಟ್ಟಿಗೆ ತಾನೇ ಇಳಿಯುತ್ತದೆ. ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವ ಹೀರಿದರೂ ಒದ್ದೆಯೆನಿಸುವುದಿಲ್ಲ. ಆದರೆ ಈ ಗುಣಗಳೆಲ್ಲ ಫಲಿಸಬೇಕಾದರೆ ಬಟ್ಟೆಗೂ ಮೈಗೂ ನಡುವೆ ಗಾಳಿಯಾಡಬೇಕು. ಕೂತಾಗ ಸೊಂಟದ ನೆರಿಗೆ ತೆರೆದುಕೊಳ್ಳಬೇಕು. ಉಣ್ಣೆಯನ್ನು ತೊಡೆಗೆ ಬಿಗಿದರೆ ಮೊಣಕಾಲಿನಲ್ಲಿ ಜೋಲುತ್ತದೆ, ಕೂರುವ ಕಡೆ ಸವೆಯುತ್ತದೆ. ಬಿಗಿ ಹೊಲಿದು ಕೆಡಿಸಿ, ಉಣ್ಣೆ ಬಾಳಿಕೆ ಬರುವುದಿಲ್ಲವೆಂದು ದೂರುವವರಿಗೆ ಏನು ಹೇಳೋಣ?

ನಮ್ಮ ಸೆಕೆಗೆ ಉಣ್ಣೆಯೇ ಎನ್ನುತ್ತೀರಿ. ಮೇ ತಿಂಗಳ ಮಂಗಳೂರಿನಲ್ಲಿ ತೊಡಿರೆಂದು ನಾನೂ ಹೇಳಲಾರೆ. ಆದರೆ ತೆಳು ನೇಯ್ಗೆಯ ಉಣ್ಣೆ ಪಾಲಿಯೆಸ್ಟರಿನಂತೆ ಬೆವರನ್ನು ಮೈಗಂಟಿಸುವುದಿಲ್ಲ. ದುಬಾರಿ, ನಿಜ. ನುಸಿಯ ಕಾಟವೂ ಉಂಟು. ಒಂದೇ ಪ್ಯಾಂಟನ್ನು ಮೂವತ್ತು ವರ್ಷ ತೊಟ್ಟವನಿಗೆ ಆ ಲೆಕ್ಕ ಬೇರೆ.

ಮದುವೆಗೆ ಆ ಹಳೆಯ ಪ್ಯಾಂಟನ್ನೇ ತೊಟ್ಟುಹೋದೆ. ಪಂಕ್ತಿಯಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಹೋಳಿಗೆಯನ್ನು ಎರಡನೆಯ ಸಲ ಹಾಕಿಸಿಕೊಂಡೆ. ಮಗ ಮೇಜಿನ ಸಾಲು ಹುಡುಕಿಕೊಂಡು ಹೋದ.