ಎಡಗೈ ತಪ್ಪೋ, ಮೂಲೆ ತಪ್ಪೋ?

ಈ ಸಲದ ಅಂಕಣವನ್ನು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತೇನೆ. ಹತ್ತು ವರ್ಷದ ನನ್ನ ಮಗನನ್ನು ಹಲವು ತಿಂಗಳ ಕಾಲ ಅವನು ಮಾಡದ ತಪ್ಪಿಗೆ ಬೈದಿದ್ದೇನೆ.

ನಾವಿರುವುದು ದಮ್ಮಾಮ್‌ನ ಒಂದು ಫ್ಲಾಟಿನಲ್ಲಿ. ಮಗ ಮೈಸೂರಿನ ಗುರುಗಳಿಂದ ಆನ್‌ಲೈನ್‌ನಲ್ಲಿ ಮೃದಂಗ ಕಲಿಯುತ್ತಾನೆ. ಅಭ್ಯಾಸಕ್ಕೆಂದು ಚಿಕ್ಕ ಕೋಣೆಯೊಂದನ್ನು ಬಿಟ್ಟುಕೊಟ್ಟು, ಓಡಾಟಕ್ಕೆ ಅಡ್ಡಿಯಾಗದಿರಲಿ ಎಂದು ಅವನನ್ನು ಮೂಲೆಯಲ್ಲಿ ಕೂರಿಸಿದ್ದೆ. ಟೈಲ್ಸ್ ನೆಲ, ಬೋಳು ಗೋಡೆ, ಒಂದು ಮೇಜು, ಅಷ್ಟೇ. ಅವನು 'ತ ದಿ ತೋಂ ನಂ' ನುಡಿಸುವಾಗ 'ತೋಂ' ಬಂದ ಕೂಡಲೇ ಕೋಣೆಯಿಡೀ ಗುಮ್ಮೆನ್ನುತ್ತಿತ್ತು. ಕೆಳಗಿನ ಮನೆಯವರು ಎರಡು ಸಲ ಬಂದು ಬಾಗಿಲು ತಟ್ಟಿದರು. "ಎಡಗೈ ಮೆಲ್ಲಗೆ ಕಣೋ" ಎಂದು ಅಡುಗೆಮನೆಯಿಂದ ಕೂಗುವುದು ನನಗೆ ದಿನದ ಅಭ್ಯಾಸವಾಯಿತು.

ರಜೆಗೆ ಊರಿಗೆ ಹೋದಾಗ ಮಗ ಗುರುಗಳ ಎದುರು ಕುಳಿತು ನುಡಿಸಿದ. ಅವರು ಸ್ವಲ್ಪ ಹೊತ್ತು ಕೇಳಿ, "ಏನಮ್ಮಾ, ಇವನ ಎಡಗೈ ಎಲ್ಲಿ ಹೋಯ್ತು? ಆನ್‌ಲೈನಿನಲ್ಲಿ ಕೇಳಿಸದಿದ್ದಾಗ ಮೈಕಿನ ತೊಂದರೆ ಅಂದ್ಕೊಂಡಿದ್ದೆ" ಎಂದರು. ಮಗ ತಲೆ ತಗ್ಗಿಸಿಕೊಂಡು, "ಅಮ್ಮನೇ ಮೆಲ್ಲಗೆ ನುಡ್ಸು ಅಂದಿದ್ದು" ಎಂದ. ಗುರುಗಳು ಅದೇ ಮೃದಂಗವನ್ನು ತಾವೇ ಜೋರಾಗಿ ನುಡಿಸಿ ತೋರಿಸಿದರು. ಗುಮ್ಮೆನ್ನಲಿಲ್ಲ, ನಾದ ತುಂಬಿ ಬಂತು. ತಪ್ಪು ಕೈಯದೂ ಅಲ್ಲ, ವಾದ್ಯದ್ದೂ ಅಲ್ಲ, ದಮ್ಮಾಮ್‌ನ ನಮ್ಮ ಕೋಣೆಯದು ಎಂದು ಆಗ ಹೊಳೆಯಿತು.

ಕೋಣೆ ಹೀಗೇಕೆ ಮಾಡುತ್ತದೆ? ಉಯ್ಯಾಲೆಯಲ್ಲಿ ಕೂತ ಮಗುವನ್ನು ಸರಿಯಾದ ಹೊತ್ತಿಗೆ ತಳ್ಳಿದರೆ ಸ್ವಲ್ಪ ಬಲಕ್ಕೇ ಎತ್ತರ ಹೋಗುತ್ತದಲ್ಲ, ಇದೂ ಹಾಗೆಯೇ. ಎದುರುಬದುರಿನ ಎರಡು ಗೋಡೆಗಳ ನಡುವೆ ಶಬ್ದ ಹೋಗಿ ಬರುತ್ತದೆ. ಆ ಹೋಗಿಬರುವ ಹೊತ್ತಿಗೆ ಸರಿಯಾಗಿ ಹೊಂದುವ ನಾದ ಸಿಕ್ಕರೆ ಅದು ಬೆಳೆಯುತ್ತದೆ, ಕೈ ನಿಲ್ಲಿಸಿದ ಮೇಲೂ ಉಳಿಯುತ್ತದೆ. ಲೆಕ್ಕ ಸುಲಭ: 172ನ್ನು ಗೋಡೆಯಿಂದ ಗೋಡೆಗಿರುವ ಮೀಟರಿನಿಂದ ಭಾಗಿಸಿ. ಬರುವ ಉತ್ತರವೇ ಆ ಜೋಡಿ ಗೋಡೆ ಹಿಗ್ಗಿಸುವ ಅತಿ ತಗ್ಗಿನ ನಾದ, ಹರ್ಟ್ಸ್ ಲೆಕ್ಕದಲ್ಲಿ. ಅದರ ಎರಡರಷ್ಟು, ಮೂರರಷ್ಟು ಇರುವ ನಾದಗಳೂ ಹಿಗ್ಗುತ್ತವೆ.

ನಮ್ಮ ಕೋಣೆ ಉದ್ದ 3.4 ಮೀಟರ್, ಅಗಲವೂ 3.4 ಮೀಟರ್. ಎರಡೂ ಕಡೆಯಿಂದ ಸುಮಾರು 50 ಹರ್ಟ್ಸ್. ಚೌಕ ಕೋಣೆಯ ಕಷ್ಟವೇ ಇದು, ಎರಡು ಜೋಡಿ ಗೋಡೆಗಳೂ ಒಂದೇ ನಾದವನ್ನು ಹಿಡಿಯುತ್ತವೆ. ಎತ್ತರ 2.9 ಮೀಟರ್, ಅಂದರೆ 59. ಅಡ್ಡಡ್ಡ ಓಡಾಟದಿಂದ 71, ಆಮೇಲೆ 100ರ ಸುತ್ತ ಇನ್ನಷ್ಟು. ಮೃದಂಗದ ಎಡಗಡೆಯ ತಗ್ಗಿನ ನಾದ ಓಡಾಡುವುದೂ ಈ ಆಸುಪಾಸಿನಲ್ಲೇ.

ವಿಜಯಪುರದ ಗೋಲಗುಮ್ಮಟ ನೋಡಿದ್ದೀರಲ್ಲ? ಅದರ ಒಳಾಂಗಣವೂ ಚೌಕವೇ, ಒಂದೊಂದು ಬದಿ ಸುಮಾರು 41 ಮೀಟರ್. ಅದೇ ಲೆಕ್ಕ ಹಾಕಿದರೆ ಸುಮಾರು 4 ಹರ್ಟ್ಸ್ ಬರುತ್ತದೆ. ನಮ್ಮ ಕಿವಿಗೆ ಕೇಳಿಸುವುದು 20ರಿಂದ ಮೇಲೆ. ಅಷ್ಟು ದೊಡ್ಡ ಜಾಗದಲ್ಲಿ ಕೇಳಿಸುವ ಮಟ್ಟಕ್ಕೆ ಬರುವಷ್ಟರಲ್ಲಿ ಹಿಗ್ಗುವ ನಾದಗಳು ಒತ್ತೊತ್ತಾಗಿ ಸೇರಿ, ಯಾವುದೂ ಬೇರೆಯಾಗಿ ಎದ್ದು ಕಾಣುವುದಿಲ್ಲ. ಗುಮ್ಮಟದ ಪ್ರತಿಧ್ವನಿಯ ಕಥೆಯೇ ಬೇರೆ. ಪುಟ್ಟ ಕೋಣೆಯಲ್ಲಿ ಹಿಗ್ಗುವ ನಾದಗಳು ಬೆರಳೆಣಿಕೆಯಷ್ಟು, ಹಾಗಾಗಿ ಒಂದೊಂದೂ ತಲೆಗೆ ಬಡಿಯುತ್ತದೆ.

ಈಗ ಏನು ಮಾಡಬಹುದು? ಮೊದಲು ಕಾಸು ಖರ್ಚಿಲ್ಲದ್ದು: ಜಾಗ ಬದಲಿಸಿ. ಮೂಲೆಯಲ್ಲಿ ಕುಳಿತು ನುಡಿಸಿದರೆ ಕೋಣೆಯ ಎಲ್ಲ ನಾದಗಳೂ ಒಟ್ಟಿಗೆ ಎದ್ದೇಳುತ್ತವೆ. ನಟ್ಟನಡುವೆ ಕುಳಿತರೆ ಕೆಲವು ನಾದಗಳು ಮಾಯವೇ ಆಗುತ್ತವೆ. ಉದ್ದದ ಮೂರನೇ ಒಂದು ಭಾಗದ ಹತ್ತಿರ, ಎರಡು ಗೋಡೆಗಳಿಂದ ಬೇರೆ ಬೇರೆ ದೂರದಲ್ಲಿ ಕೂರಿಸಿ ನೋಡಿ. ಒಂದೊಂದು ಅಡಿ ಸರಿಸುತ್ತಾ, ಒಂದೇ ಪಾಠ ನುಡಿಸಲು ಹೇಳಿ. ಕೇಳುವ ನೀವೂ ಗೋಡೆಗೆ ಒರಗಿ ಕೂರಬೇಡಿ, ಅಲ್ಲಿ ಗುಮ್ಮೆನ್ನುವುದು ಇದ್ದದ್ದಕ್ಕಿಂತ ಹೆಚ್ಚು ಕೇಳಿಸುತ್ತದೆ.

ಎರಡನೆಯದು, ಶಬ್ದ ಹೀರುವ ಸಾಮಾನು. ನಾನು ಮೊದಲು ಕಾರ್ಪೆಟ್ ಹಾಸಿದೆ, ದಪ್ಪ ಪರದೆ ಕಟ್ಟಿದೆ. ಚಪ್ಪಾಳೆಯ ಸದ್ದು ತಣ್ಣಗಾಯಿತು, 'ತೋಂ' ಹಾಗೇ ಇತ್ತು. 50 ಹರ್ಟ್ಸ್ ಅಲೆ ಸುಮಾರು 7 ಮೀಟರ್ ಉದ್ದ, ಅದಕ್ಕೆ ತೆಳು ಬಟ್ಟೆ ಲೆಕ್ಕಕ್ಕೇ ಇಲ್ಲ. ಗೋಡೆಗೆ ಅಂಟಿಸುವ ಒಂದಿಂಚಿನ ಫೋಮ್ ಹಾಳೆಗಳಿಗೂ ಇದೇ ಮಾತು. ದಪ್ಪ ಬೇಕು, ಅದೂ ಮೂಲೆಯಲ್ಲಿ ಬೇಕು. ಊರಿಂದ ಬರುವ ಅಜ್ಜ ಅಜ್ಜಿಗೆಂದು ಇಟ್ಟ ಹಾಸಿಗೆಗಳನ್ನು ಎರಡು ಮೂಲೆಗಳಲ್ಲಿ ನಿಲ್ಲಿಸಿದೆವು. ಮಕ್ಕಳ ಮೇಲೆ ಬೀಳದಂತೆ ಪಟ್ಟಿಯಿಂದ ಬಿಗಿದು ಕಟ್ಟಿ, ಎಸಿಯ ಪ್ಲಗ್ಗಿನಿಂದ ದೂರ ಇಡಿ. ಇನ್ನೂ ಬೇಕೆಂದರೆ 10ರಿಂದ 15 ಸೆಂಟಿಮೀಟರ್ ದಪ್ಪದ ರಾಕ್‌ವೂಲ್ ಫಲಕಗಳನ್ನು ಮೂಲೆಗೆ ಅಡ್ಡಲಾಗಿ, ಹಿಂದೆ ಖಾಲಿ ಜಾಗ ಬಿಟ್ಟು ನಿಲ್ಲಿಸಬಹುದು. ಅದರ ನಾರು ಮೈಗೆ ತುರಿಕೆ ತರುತ್ತದೆ, ಬಟ್ಟೆಯಿಂದ ಪೂರ್ತಿ ಹೊಲಿದು ಮುಚ್ಚಲೇಬೇಕು.

ಮನೆಯಲ್ಲಿ ಸಂಗೀತ ಕಲಿಯುವವರಿಲ್ಲ, ಸಿನಿಮಾ ನೋಡುವವರಿದ್ದಾರೆ ಎನ್ನುತ್ತೀರಾ? ರಿಯಾದ್‌ನಲ್ಲಿ 2018ರ ಏಪ್ರಿಲ್‌ನಲ್ಲಿ ಚಿತ್ರಮಂದಿರ ತೆರೆಯುವ ತನಕ ದಶಕಗಳ ಕಾಲ ಇಲ್ಲಿ ನಮ್ಮ ಹಾಲೇ ಟಾಕೀಸು ಆಗಿತ್ತು. ಹಾಗಾಗಿ ಎಷ್ಟೋ ಮನೆಗಳ ಮೂಲೆಯಲ್ಲಿ ಸಬ್‌ವೂಫರ್ ಕೂತಿದೆ. ಅದನ್ನು ಒಮ್ಮೆ ನೀವು ಕೂರುವ ಸೋಫಾದ ಜಾಗದಲ್ಲಿಡಿ. ಬಾಸ್ ಇರುವ ಹಾಡೊಂದನ್ನು ಹಾಕಿ, ಅಂಬೆಗಾಲಿಡುತ್ತಾ ಗೋಡೆಯುದ್ದಕ್ಕೂ ಕೇಳಿ. ಮಕ್ಕಳಿಗೆ ಇದು ಒಳ್ಳೆಯ ಆಟ. ಎಲ್ಲಿ ಬಾಸ್ ಸಮನಾಗಿ ಕೇಳಿಸುತ್ತದೋ ಅಲ್ಲಿ ಸಬ್‌ವೂಫರ್ ಇಡಿ. ಈಕ್ವಲೈಜರ್‌ನಿಂದ ಹಿಗ್ಗಿದ ನಾದವನ್ನು ತಗ್ಗಿಸಬಹುದು, ಮಾಯವಾದ ನಾದವನ್ನು ತುಂಬಿಸಲಾಗದು.

ಒಂದು ಎಚ್ಚರಿಕೆ. ಇಷ್ಟೆಲ್ಲ ಮಾಡಿದರೂ ಕೆಳಗಿನ ಮನೆಗೆ ಸದ್ದು ಹೋಗುವುದು ಪೂರ್ತಿ ನಿಲ್ಲುವುದಿಲ್ಲ. ಸಬ್‌ವೂಫರ್ ಕೆಳಗೆ ದಪ್ಪ ರಬ್ಬರ್ ಹಾಸಿ. ಅಜಾನ್ ಮತ್ತು ನಮಾಜಿನ ಹೊತ್ತಿನಲ್ಲಿ, ರಾತ್ರಿ ಮಲಗುವ ಹೊತ್ತಿನಲ್ಲಿ ಬೇಡ. ನಾನು ಕೆಳಗಿನ ಮನೆಯಾಕೆಗೆ ಒಂದು ಡಬ್ಬಿ ಚಕ್ಕುಲಿ ಕೊಟ್ಟು, ಅಭ್ಯಾಸ ಸಂಜೆ 5ರಿಂದ 5.45ರವರೆಗೆ ಮಾತ್ರ, ಅದರೊಳಗೆ ಅಜಾನ್ ಬಂದರೆ ಅಷ್ಟು ಹೊತ್ತು ನಿಲ್ಲಿಸುತ್ತೇವೆ ಎಂದು ಹೇಳಿ ಬಂದೆ. ಅದಾದ ಮೇಲೆ ಅವರು ಬಾಗಿಲು ತಟ್ಟಿದ್ದು ಡಬ್ಬಿಯಲ್ಲಿ ಖರ್ಜೂರ ತುಂಬಿ ವಾಪಸು ಕೊಡಲು.

ಮಗನಿಗೆ ಹೇಳಬೇಕಾದ ಮಾತನ್ನೂ ಹೇಳಿದೆ: "ತಪ್ಪು ನಿಂದಲ್ಲ ಕಂದಾ, ನಿನ್ನನ್ನ ಆ ಮೂಲೇಲಿ ಕೂರಿಸಿದ್ದು ನಾನು." ಹೆದರಿದ ಎಡಗೈ ಒಂದೇ ದಿನಕ್ಕೆ ಬಿಡಿಸಿಕೊಳ್ಳಲಿಲ್ಲ. ಮೊದಲ ವಾರ ಪ್ರತಿ 'ತೋಂ'ಗೂ ಅಡುಗೆಮನೆಯತ್ತ ನೋಡುತ್ತಿದ್ದ. ಈಗ ನೋಡುವುದಿಲ್ಲ.

ನಿಮ್ಮ ಮಗು ತಬಲಾ, ಮದ್ದಳೆ, ಕೀಬೋರ್ಡ್ ಏನೇ ನುಡಿಸಲಿ, ಸದ್ದು ಜಾಸ್ತಿಯಾಯಿತು ಎನ್ನುವ ಮುಂಚೆ ಎದ್ದು ಹೋಗಿ ಆ ಕೋಣೆಯಲ್ಲಿ ನಾಲ್ಕು ಕಡೆ ನಿಂತು ಕೇಳಿ. ಟೇಪು ಹಿಡಿದು ಅಳೆಯಿರಿ. ಬೈಯುವುದು ಆಮೇಲೆ ಇದ್ದೇ ಇದೆ.