ಮಕ್ಕಳಿಲ್ಲದ ಶಾಲೆಯೋ, ಹಣವಿಲ್ಲದ ಶಾಲೆಯೋ?

‘ಮಕ್ಕಳೇ ಇಲ್ಲದ ಶಾಲೆಗೆ ಹಣ ಸುರಿಯುವುದೇಕೆ?’ ಸರಕಾರಿ ಶಾಲೆಗಳನ್ನು ಮುಚ್ಚುವ, ವಿಲೀನಗೊಳಿಸುವ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಕೇಳಿಬರುತ್ತದೆ. ಮೇಲ್ನೋಟಕ್ಕೆ ನ್ಯಾಯವಾದ ಪ್ರಶ್ನೆಯೇ. ಆದರೆ ಆ ಶಾಲೆಯನ್ನು ಮೊದಲು ಕೈಬಿಟ್ಟವರು ಯಾರು? ಮಕ್ಕಳೋ, ಸರಕಾರವೋ?

ಲೆಕ್ಕ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳಿದ್ದರೂ ಇಬ್ಬರು ಶಿಕ್ಷಕರಿದ್ದರೆ ಸಾಕು. ಐದು ತರಗತಿ, ಇಬ್ಬರು ಶಿಕ್ಷಕರು! ಅವರಲ್ಲೊಬ್ಬರು ಬಿಸಿಯೂಟದ ಲೆಕ್ಕ, ಮತದಾರರ ಪಟ್ಟಿ, ತರಬೇತಿ ಎಂದು ಹೊರಟರೆ ಉಳಿದವರು ಮಕ್ಕಳನ್ನು ಕಾಯಬಲ್ಲರೇ ಹೊರತು ಕಲಿಸಲಾರರು. ಇದನ್ನು ಕಂಡ ಹೆತ್ತವರು ಸಾಲ ಮಾಡಿಯಾದರೂ ಮಗುವನ್ನು ಖಾಸಗಿ ಶಾಲೆಯ ವ್ಯಾನು ಹತ್ತಿಸುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರುಗಳು ಕಡಿಮೆಯಾದಂತೆ ಇದ್ದ ಶಿಕ್ಷಕರೂ ‘ಹೆಚ್ಚುವರಿ’ ಎಂಬ ಹಣೆಪಟ್ಟಿ ಹೊತ್ತು ವರ್ಗವಾಗುತ್ತಾರೆ. ಆಗ ಇನ್ನಷ್ಟು ಮಕ್ಕಳು ಹೋಗುತ್ತಾರೆ. ಕೊನೆಗೆ ಬೀಗ.

ಹಣ ಹಾಕಿದಾಗ ಮಕ್ಕಳು ಬಂದಿಲ್ಲವೇ? ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರ್ 28ರಂದು ಆದೇಶಿಸಿತು. 2002ರಲ್ಲಿ ಅಕ್ಷರ ದಾಸೋಹ ಮೊದಲು ಆರಂಭವಾದದ್ದು ಉತ್ತರ ಕರ್ನಾಟಕದ ಹಿಂದುಳಿದ ಜಿಲ್ಲೆಗಳಲ್ಲಿ. ಕೂಲಿಗೋ ದನ ಕಾಯಲೋ ಹೋಗಬೇಕಿದ್ದ ಎಷ್ಟೋ ಹುಡುಗಿಯರನ್ನು ಆ ಒಂದು ಹೊತ್ತಿನ ಅನ್ನ ತರಗತಿಗೆ ಕರೆತಂದಿತು.

ಬಡವರ ಮಕ್ಕಳ ಮಟ್ಟಿಗೆ ಹೊರದೇಶದ ಅನುಭವವೂ ಬೇರೆಯಲ್ಲ. ಕೀನ್ಯಾದ ಸರಕಾರ 2003ರ ಜನವರಿಯಲ್ಲಿ ಪ್ರಾಥಮಿಕ ಶಾಲೆಯ ಶುಲ್ಕ ರದ್ದು ಮಾಡಿದಾಗ ಒಂದೇ ವರ್ಷದಲ್ಲಿ ಮಕ್ಕಳ ಸಂಖ್ಯೆ ಸುಮಾರು 59 ಲಕ್ಷದಿಂದ 72 ಲಕ್ಷಕ್ಕೇರಿತು. ಆದರೆ ಅದಕ್ಕೆ ತಕ್ಕಷ್ಟು ಕೊಠಡಿ, ಶಿಕ್ಷಕರು ಬರಲಿಲ್ಲ. ತರಗತಿಗಳು ಸಂತೆಯಾದವು, ಅನುಕೂಲವಿದ್ದವರು ಖಾಸಗಿ ಶಾಲೆಗಳತ್ತ ತಿರುಗಿದರು. ಮಕ್ಕಳನ್ನು ಕರೆತರಲು ಹಣ ಬೇಕು, ಉಳಿಸಿಕೊಳ್ಳಲೂ ಬೇಕು.

ನಮ್ಮ ಸಮುದಾಯಕ್ಕಂತೂ ಇದು ಪರರ ಜಗಳವಲ್ಲ. 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಒಂದೋ ಶಾಲೆಯ ಮೆಟ್ಟಿಲು ಹತ್ತಿಲ್ಲ, ಇಲ್ಲವೇ ನಡುವೆ ಬಿಟ್ಟಿದ್ದಾರೆ ಎಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತು. ಮದ್ರಸಗಳಿಗೆ ಹೋಗುತ್ತಿದ್ದವರು ಶೇ. 3ರ ಆಸುಪಾಸು ಮಾತ್ರ. ಊರಿನ ಶಾಲೆ ದೂರದ ಶಾಲೆಯಲ್ಲಿ ವಿಲೀನವಾದರೆ ಮೊದಲು ಮನೆಯಲ್ಲಿ ಉಳಿಯುವವಳು ಬಡವರ ಮಗಳು. ತಪ್ಪು ನಮ್ಮದೂ ಇದೆ. ನಮ್ಮಲ್ಲಿನ ಉಳ್ಳವರು ತಮ್ಮ ಮಕ್ಕಳನ್ನು ಸರಕಾರಿ ಶಾಲೆಯಿಂದ ಬಿಡಿಸಿದ ದಿನವೇ ಆ ಶಾಲೆಯ ಪರವಾಗಿ ಮಾತಾಡುವುದನ್ನೂ ಬಿಟ್ಟರು. ಕೇಳುವವರಿಲ್ಲದ ಶಾಲೆಗೆ ಕೊಡುವವರು ಎಲ್ಲಿಂದ ಬರುತ್ತಾರೆ?

ರಾಷ್ಟ್ರೀಯ ಆದಾಯದ ಶೇ. 6ರಷ್ಟು ಶಿಕ್ಷಣಕ್ಕೆ ಬೇಕೆಂದು 1966ರಲ್ಲಿ ಕೊಠಾರಿ ಆಯೋಗ ಹೇಳಿತು. 2020ರ ಶಿಕ್ಷಣ ನೀತಿಯೂ ಅದೇ ಮಾತನ್ನು ಮತ್ತೆ ಹೇಳಿತು. ಅರ್ಧ ಶತಮಾನ ಕಳೆದರೂ ಗುರಿ ಕಾಗದದಲ್ಲೇ ಇದೆ.

ತರಗತಿಗೊಬ್ಬ ಶಿಕ್ಷಕರನ್ನು ಕೊಡಿ. ಐದು ವರ್ಷ ಕಾಯಿರಿ. ಆಗಲೂ ಮಕ್ಕಳು ಬಾರದಿದ್ದರೆ ಬೀಗದ ಮಾತಾಡೋಣ.