ಕೈಗಣಕವೂ ಕನ್ನಡ ಲಿಪಿಯೂ

ಈ ಪತ್ರಿಕೆಯ ಹಿಂದಿನ ಸಂಚಿಕೆಯಲ್ಲಿ, ನಮ್ಮ ಸಂಘದ ಸದಸ್ಯರೂ ನನಗೆ ಬಹುಕಾಲದ ಸ್ನೇಹಿತರೂ ಆದ ಮಹನೀಯರೊಬ್ಬರು ಬರೆದ ಲೇಖನವನ್ನು ವಾಚಕ ಮಹಾಶಯರು ನೋಡಿಯೇ ಇರುವರು. ಕನ್ನಡವನ್ನು ಬರೆಯುವುದು ಮಕ್ಕಳಿಗೆ ಕಷ್ಟ, ಓದುವುದು ಯಂತ್ರಗಳಿಗೆ ಅದಕ್ಕಿಂತಲೂ ಕಷ್ಟ; ಆದುದರಿಂದ ಮಹಾಪ್ರಾಣಗಳನ್ನು ಕೈಬಿಟ್ಟು, ಒತ್ತಕ್ಷರಗಳನ್ನು ಸಾಲಿನಲ್ಲಿಯೇ ಬಿಡಿಸಿ ಬರೆದು, ನಮ್ಮ ಲಿಪಿಯನ್ನು ಯಂತ್ರಕ್ಕೆ ಒಗ್ಗಿಸಬೇಕೆಂಬುದು ಅವರ ಮತ. ಇದಕ್ಕೆ ಮೊದಲ ಹೆಜ್ಜೆಯಾಗಿ, ಸಂಘವು ಪ್ರತಿವರ್ಷ ಶಾಲಾಮಕ್ಕಳಿಗೆ ಏರ್ಪಡಿಸುವ ಕೈಬರಹದ ಸ್ಪರ್ಧೆಯನ್ನು ನಿಲ್ಲಿಸಿ, ಇನ್ನುಮುಂದೆ ಅಚ್ಚುಹಾಕಿಸುವ ಮಕ್ಕಳ ಪುಸ್ತಿಕೆಗಳನ್ನು ಈ ‘ಸರಳ ಲಿಪಿ’ಯಲ್ಲಿ ತರಬೇಕೆಂದು ಅವರು ಸೂಚಿಸಿರುವರು. ಬರುವ ಸರ್ವಸದಸ್ಯರ ಸಭೆಯಲ್ಲಿ ಈ ಸೂಚನೆಯು ಚರ್ಚೆಗೆ ಬರಲಿದೆ. ಮೌನವನ್ನು ಸಮ್ಮತಿಯೆಂದು ತಿಳಿದಾರೆಂಬ ಭಯದಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿರುವೆನು.

ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಹೇಳಿದ ಮೇಲೆಯೇ ಖಂಡನೆಗೆ ಹೊರಡಬೇಕೆಂಬುದು ಪಾಠಶಾಲೆಯಲ್ಲಿ ನಮಗೆ ಗುರುಗಳು ಕಲಿಸಿದ ಕ್ರಮ. ಸ್ನೇಹಿತರು ತಮ್ಮ ಪಕ್ಷಕ್ಕೆ ಮುಖ್ಯ ಪ್ರಮಾಣವಾಗಿ ಕೊಟ್ಟಿರುವುದು 1990ರ ದಶಕದಲ್ಲಿ ಅಮೆರಿಕದಲ್ಲಿ ಬಂದ ಅಂಗೈಯಗಲದ ಗಣಕಗಳನ್ನು. ಆ ಕಥೆಯನ್ನು ನಾನೂ ಹೇಳುವೆನು.

1993ರಲ್ಲಿ ಆಪಲ್ ಕಂಪನಿಯು ನ್ಯೂಟನ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಪ್ಲಾಸ್ಟಿಕ್ ಕಡ್ಡಿಯಿಂದ ಅದರ ಗಾಜಿನ ಮೇಲೆ ಬರೆದರೆ, ಅದು ನಮ್ಮ ಬರಹವನ್ನು ಓದಿ ಅಚ್ಚಿನಕ್ಷರವಾಗಿ ಮಾರ್ಪಡಿಸಿ, ವಿಳಾಸ, ದಿನಚರಿ, ಟಿಪ್ಪಣಿಗಳೆಲ್ಲವನ್ನೂ ಜೋಪಾನ ಮಾಡುವುದೆಂದು ಸಾರಲಾಯಿತು. ಬಳಸುವವನು ತನ್ನ ಕೈಬರಹವನ್ನು ಬದಲಿಸಬೇಕಾಗಿರಲಿಲ್ಲ. ಆದರೆ ಅದರ ಮೊದಲ ಆವೃತ್ತಿಯು ಬರೆದ ಪದವನ್ನು ತನ್ನೊಳಗಿನ ನಿಘಂಟಿನೊಡನೆ ಹೋಲಿಸಿ ಊಹಿಸುತ್ತಿದ್ದುದರಿಂದ, ನಿಘಂಟಿನಲ್ಲಿಲ್ಲದ ಹೆಸರು ಬಂದರೆ ಇನ್ನಾವುದೋ ಪದವನ್ನು ತಂದು ನಿಲ್ಲಿಸುತ್ತಿತ್ತು. ಹುಳು ಮರವನ್ನು ಕೊರೆಯುವಾಗ ಅಕಸ್ಮಾತ್ತಾಗಿ ಅಕ್ಷರದಂತಹ ಗೆರೆ ಮೂಡುವುದನ್ನು ನಮ್ಮವರು ಘುಣಾಕ್ಷರ ನ್ಯಾಯವೆನ್ನುವರು; ನ್ಯೂಟನ್ನಿನ ಓದೂ ಎಷ್ಟೋ ವೇಳೆ ಆ ನ್ಯಾಯದ್ದೇ ಆಗಿತ್ತು. ಪತ್ರಿಕೆಗಳ ವ್ಯಂಗ್ಯಚಿತ್ರಗಳಲ್ಲಿ ಅದು ನಗೆಗೀಡಾಯಿತು. 1996ರಲ್ಲಿ ಓದುವ ಕ್ರಮವನ್ನು ಬಹಳವಾಗಿ ತಿದ್ದಿದರೂ ಹೋದ ಮಾನವು ಹಿಂದಿರುಗಲಿಲ್ಲ. 1998ರಲ್ಲಿ ಕಂಪನಿಯೇ ಅದನ್ನು ನಿಲ್ಲಿಸಿತು.

ಅದೇ 1996ರಲ್ಲಿ ಜೆಫ್ ಹಾಕಿನ್ಸ್ ಎಂಬವರ ಬಳಗವು ಪೈಲಟ್ ಎಂಬ ಚಿಕ್ಕ ಯಂತ್ರವನ್ನು ತಂದಿತು. ಪಾಮ್ ಎಂದು ಪ್ರಸಿದ್ಧವಾದುದು ಇದೇ. (ಇಂಗ್ಲಿಷಿನಲ್ಲಿ ಆ ಮಾತಿಗೆ ಅಂಗೈಯೆಂದೂ ತಾಳೆಯೆಂದೂ ಎರಡರ್ಥ, ತಾಳೆಯ ಪ್ರಸ್ತಾಪ ಮುಂದೆ ಬರುವುದು.) ಮೊದಲನೆಯ ಪೈಲಟ್ಟಿನ ಸ್ಮರಣಶಕ್ತಿ 128 ಕಿಲೋಬೈಟು ಮಾತ್ರ, ಈಗಿನ ಮೊಬೈಲು ತೆಗೆಯುವ ಒಂದು ಛಾಯಾಚಿತ್ರಕ್ಕೂ ಅದು ಸಾಲದು. ಇಂತಹ ಬಡಯಂತ್ರವು ಮನುಷ್ಯನ ಬರಹವನ್ನು ಓದಲಾರದೆಂದು ಅರಿತ ಹಾಕಿನ್ಸರು, ಮನುಷ್ಯನೇ ಯಂತ್ರದ ಅಕ್ಷರವನ್ನು ಕಲಿಯಲಿ ಎಂದರು. ಗ್ರಫಿಟಿ ಎಂಬ ಆ ಅಕ್ಷರಮಾಲೆಯಲ್ಲಿ ಬಹುಮಟ್ಟಿಗೆ ಪ್ರತಿಯೊಂದು ಅಕ್ಷರವೂ ಕಡ್ಡಿಯನ್ನೆತ್ತದೆ ಎಳೆಯುವ ಒಂದೇ ಗೆರೆ. ‘ಎ’ ಅಕ್ಷರಕ್ಕೆ ನಡುವಣ ಅಡ್ಡಗೆರೆಯಿಲ್ಲ. ‘ಟಿ’ ಅಕ್ಷರಕ್ಕೆ ಅಡ್ಡಗೆರೆಯನ್ನೆಳೆದು ಅದರ ತುದಿಯಿಂದಲೇ ಕೆಳಗಿಳಿಯಬೇಕು. ಪದವನ್ನು ಸಾಲಾಗಿ ಬರೆಯುವಂತೆಯೂ ಇಲ್ಲ. ಗಾಜಿನ ಕೆಳಗಿನ ಒಂದು ಚೌಕದಲ್ಲಿ ಅಕ್ಷರದ ಮೇಲೆ ಅಕ್ಷರವನ್ನು ಬರೆಯುತ್ತ ಹೋಗಬೇಕು. ಜನರು ಕೆಲವೇ ದಿನಗಳಲ್ಲಿ ಇದನ್ನು ಕಲಿತರು. ಯಂತ್ರವು ಲಕ್ಷಗಟ್ಟಲೆ ಮಾರಾಟವಾಯಿತು.

ಮನುಷ್ಯನಿಗೆ ಬಗ್ಗಹೋದ ಯಂತ್ರವು ಕೆಟ್ಟಿತು, ಮನುಷ್ಯನನ್ನು ಬಗ್ಗಿಸಿದ ಯಂತ್ರವು ಬದುಕಿತು. ಆದಕಾರಣ ಕನ್ನಡವೂ ಬಗ್ಗಲಿ. ಇದೇ ಪೂರ್ವಪಕ್ಷ. ಇಲ್ಲಿಯವರೆಗಿನ ಸಂಗತಿಗಳೆಲ್ಲವೂ ನಿಜವೇ. ಸ್ನೇಹಿತರು ಮಾಡಿದ ತಪ್ಪೆಂದರೆ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದುದು.

ಒಂದೇ ಗೆರೆಯ ಅಕ್ಷರಗಳ ಕಲ್ಪನೆಯು ತನ್ನದೆಂದು ಜೆರಾಕ್ಸ್ ಕಂಪನಿಯು 1997ರಲ್ಲಿ ದಾವೆ ಹೂಡಿತು. ವ್ಯಾಜ್ಯವು ಎಳೆಯುತ್ತಿರುವಾಗಲೇ, 2003ರಲ್ಲಿ, ಪಾಮ್‌ನವರು ಹಳೆಯ ಗ್ರಫಿಟಿಯನ್ನು ಬಿಟ್ಟು ಗ್ರಫಿಟಿ-2 ಎಂಬ ಬೇರೊಂದು ಕ್ರಮವನ್ನು ಹಿಡಿದರು. ಅದರಲ್ಲಿ ‘ಟಿ’ ಅಕ್ಷರಕ್ಕೆ ಎರಡು ಗೆರೆಗಳು ಮರಳಿ ಬಂದುವು! ಏಳು ವರ್ಷ ಕೈಯನ್ನು ಪಳಗಿಸಿಕೊಂಡಿದ್ದವರು ಮತ್ತೆ ಕೈಯನ್ನು ತಿದ್ದಿಕೊಳ್ಳಬೇಕಾಯಿತು. ಅವರ ಅಕ್ಷರದ ಆಕಾರವನ್ನು ನಿರ್ಣಯಿಸಿದವರು ಕವಿಗಳೂ ಅಲ್ಲ, ವೈಯಾಕರಣರೂ ಅಲ್ಲ, ವಕೀಲರು. 2007ರಲ್ಲಿ, ಕಡ್ಡಿಯೇ ಬೇಡದೆ ಬೆರಳಿನಿಂದ ನಡೆಯುವ ಐಫೋನು ಬಂದಿತು. 2011ರಲ್ಲಿ ಪಾಮ್ ವಂಶದ ಯಂತ್ರಗಳ ತಯಾರಿಕೆಯೇ ನಿಂತುಹೋಯಿತು. ಹುಟ್ಟಿನಿಂದ ಸಾವಿನವರೆಗೆ ಲೆಕ್ಕ ಹಾಕಿದರೆ ಹದಿನೈದು ವರ್ಷ. 2000ದ ಇಸವಿಯಲ್ಲಿ ನಾವು ಈ ಉಪದೇಶವನ್ನು ಕೇಳಿ ಒತ್ತನ್ನೂ ಮಹಾಪ್ರಾಣವನ್ನೂ ಕಿತ್ತುಹಾಕಿದ್ದರೆ, ಈಗ ನಮ್ಮಲ್ಲಿ ಉಳಿದಿರುತ್ತಿದ್ದುದು ಕಿತ್ತ ಲಿಪಿ ಮಾತ್ರ. ಯಾವ ಯಂತ್ರಕ್ಕಾಗಿ ಕಿತ್ತೆವೋ ಅದು ಗುಜರಿಯಲ್ಲಿರುತ್ತಿತ್ತು. ನೆಗಡಿಗೆಂದು ಮೂಗು ಕೊಯ್ದುಕೊಂಡವನಿಗೆ ನೆಗಡಿ ವಾಸಿಯಾದ ಮೇಲೆ ಮೂಗನ್ನು ಯಾರು ಕೊಡುವರು?

ಇದು ಬರಿಯ ಊಹೆಯೆಂದು ಹೇಳುವಂತಿಲ್ಲ. ನೆರೆಯ ಕೇರಳದಲ್ಲಿ ನಡೆದುದನ್ನು ನೋಡಬಹುದು. ಬೆರಳಚ್ಚು ಯಂತ್ರಕ್ಕೆ ಅನುಕೂಲವಾಗಲೆಂದು 1971ರಲ್ಲಿ ಅಲ್ಲಿಯ ಸರಕಾರವು ಮಲಯಾಳ ಲಿಪಿಯ ಕೂಡಕ್ಷರಗಳನ್ನು ಒಡೆದು, ವ್ಯಂಜನಕ್ಕೆ ಅಂಟಿಕೊಂಡಿದ್ದ ಉಕಾರದ ಚಿಹ್ನೆಗಳನ್ನು ಬೇರ್ಪಡಿಸಿ, ‘ಹೊಸ ಲಿಪಿ’ಯನ್ನು ಆಜ್ಞೆಯ ಮೂಲಕ ಜಾರಿಗೆ ತಂದಿತು. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಬೆರಳಚ್ಚು ಯಂತ್ರವು ಮೂಲೆ ಸೇರಿತು. 1999ರಲ್ಲಿ ರಚನಾ ಎಂಬ ಬಳಗವು ಹಳೆಯ ಅಕ್ಷರಗಳನ್ನೆಲ್ಲ ಗಣಕದಲ್ಲಿ ಮೂಡಿಸಲು ಹೊರಟು, ಅದು ಸಾಧ್ಯವೆಂದು ತೋರಿಸಿಕೊಟ್ಟಿತು. 2022ರಲ್ಲಿ ಸರಕಾರವೇ ಹಳೆಯ ಲಿಪಿಯ ಕೆಲವು ಅಂಶಗಳಿಗೆ ಹಿಂದಿರುಗಲು ತೀರ್ಮಾನಿಸಿತು. ನಡುವೆ ಐವತ್ತು ವರ್ಷಗಳ ಮಕ್ಕಳು ಒಂದು ಬಗೆಯಾಗಿ ಪುಸ್ತಕದಲ್ಲಿ ಓದಿ, ಇನ್ನೊಂದು ಬಗೆಯಾಗಿ ಹಿರಿಯರ ಕೈಬರಹದಲ್ಲಿ ಕಂಡು ತಬ್ಬಿಬ್ಬಾದರು.

ಇನ್ನು ನನ್ನ ಅನುಭವವೊಂದನ್ನು ಹೇಳದೆ ಇರಲಾರೆನು. ಇದರಲ್ಲಿ ದೋಷವೆಲ್ಲ ನನ್ನದೇ. 2001ರಲ್ಲಿ, ಹೊರದೇಶದಲ್ಲಿದ್ದ ಹಳೆಯ ಶಿಷ್ಯನೊಬ್ಬನು ಸಿರಿಗೆರೆಗೆ ಬಂದಾಗ ಅಂತಹುದೊಂದು ಕೈಗಣಕವನ್ನು ಗುರುದಕ್ಷಿಣೆಯೆಂದು ನನ್ನ ಕೈಯಲ್ಲಿಟ್ಟನು. ಯಾವ ಕಂಪನಿಯದೆಂಬುದು ಇಲ್ಲಿ ಅಪ್ರಸ್ತುತ. ಹದಿನೈದು ದಿನಗಳಲ್ಲಿ ಅದರ ಅಕ್ಷರಗಳನ್ನು ಕಲಿತೆನು. ಕಲಿತೆನೆಂಬ ಹೆಮ್ಮೆಯೂ ಬಂದಿತು. ಒಂದು ದಿನ ಇಂಗ್ಲಿಷ್ ಮೇಷ್ಟರು ರಜೆಯಲ್ಲಿದ್ದುದರಿಂದ ಅವರ ತರಗತಿಗೆ ಹೋಗಿ ಹಲಗೆಯ ಮೇಲೆ ಬರೆದೆನು. ಮರುದಿನ ಹುಡುಗಿಯೊಬ್ಬಳು ತನ್ನ ಪುಸ್ತಕದ ‘ಎ’ಗಳಿಗೆಲ್ಲ ಅಡ್ಡಗೆರೆಯಿಲ್ಲದೆ ಬರೆದು, “ಸಂಸ್ಕೃತ ಮೇಷ್ಟ್ರು ಹೀಗೇ ಬರ್ದಿದ್ರು ಸಾರ್” ಎಂದು ಅವರೊಡನೆ ವಾದಕ್ಕೆ ನಿಂತಳಂತೆ. ನಕ್ಕು ಸುಮ್ಮನಾದೆವು.

ಆದರೆ ಇನ್ನೊಂದು ನಗುವ ವಿಷಯವಾಗಿರಲಿಲ್ಲ. ಆ ವರ್ಷಗಳಲ್ಲಿ ನಾನು ಸುತ್ತಲಿನ ಹಳ್ಳಿಗಳ ಬೇಸಾಯದ ಮಾತುಗಳನ್ನು ಸಂಗ್ರಹಿಸುತ್ತಿದ್ದೆನು. ಕೂರಿಗೆ, ಕುಂಟೆ, ನೇಗಿಲುಗಳ ಭಾಗಗಳಿಗೆ ಇರುವ ಹೆಸರುಗಳನ್ನೆಲ್ಲ ಬಲ್ಲ ವೃದ್ಧ ಒಕ್ಕಲಿಗರೊಬ್ಬರಿದ್ದರು. ಅವರ ಜಗಲಿಯ ಮೇಲೆ ಕುಳಿತು, ಅವರು ಹೇಳಿದುದನ್ನು ಆ ಯಂತ್ರದಲ್ಲಿ ಗುರುತುಹಾಕಿಕೊಂಡೆನು. ಅದಕ್ಕೆ ಕನ್ನಡ ಬಾರದು. ಆದುದರಿಂದ ಇಂಗ್ಲಿಷ್ ಅಕ್ಷರದಲ್ಲಿಯೇ ಬರೆದೆನು. ಬರೆಯುವಾಗ ಎಲ್ಲವೂ ನೆನಪಿರುವುದೆಂಬ ಭ್ರಮೆ. ಆ ಇಪ್ಪತ್ತಾರು ಅಕ್ಷರಗಳಲ್ಲಿ ‘ಹಳ್ಳಿ’ಯೂ ‘ಹಲ್ಲಿ’ಯೂ ಒಂದೇ, ‘ಮಳೆ’ಯೂ ‘ಮಲೆ’ಯೂ ಒಂದೇ. ಅವು ತಿಳಿದ ಪದಗಳಾದುದರಿಂದ ಸಂದರ್ಭದಿಂದ ಬಿಡಿಸಿಕೊಳ್ಳಬಹುದು. ತಿಳಿಯದ ಪದದ ಗತಿಯೇನು? ಕೂರಿಗೆಯ ಒಂದು ಭಾಗದ ಹೆಸರು ನನ್ನ ಪಟ್ಟಿಯಲ್ಲಿ ನಾಲ್ಕು ಇಂಗ್ಲಿಷ್ ಅಕ್ಷರಗಳಾಗಿ ನಿಂತಿದೆ. ಅದು ಕಡಿಯೋ, ಕದಿಯೋ, ಕಾಡಿಯೋ, ಕಾದಿಯೋ ನಾನರಿಯೆನು. ಸರಿಯಾಗಿ ಕೇಳಿ ತಿಳಿಯೋಣವೆಂದು ಪಟ್ಟಿಯನ್ನು ಹಿಡಿದು ಹೋಗುವ ವೇಳೆಗೆ ಅವರು ತೀರಿಕೊಂಡಿದ್ದರು. ಮಕ್ಕಳು ಟ್ರ್ಯಾಕ್ಟರಿನಲ್ಲಿ ಬಿತ್ತುತ್ತಿದ್ದರು. ಕೂರಿಗೆಯು ಅಟ್ಟದ ಮೇಲಿತ್ತು, ಹೆಸರು ಅವರಿಗೆ ಗೊತ್ತಿರಲಿಲ್ಲ. ಅಂದು ನನ್ನ ಜೇಬಿನಲ್ಲಿ ನಾಲ್ಕಾಣೆಯ ಪೆನ್ಸಿಲ್ಲೊಂದಿದ್ದರೆ ಆ ಪದವು ಉಳಿಯುತ್ತಿತ್ತು.

ಸ್ನೇಹಿತರ ‘ಸರಳ ಲಿಪಿ’ಯು ಇಷ್ಟು ದೂರ ಹೋಗುವುದಿಲ್ಲವೆಂದು ಅವರು ಹೇಳಬಹುದು. ಹೋಗದಿರಬಹುದು, ಹಾದಿ ಮಾತ್ರ ಅದೇ. ಬ ಮತ್ತು ಭ, ದ ಮತ್ತು ಧ ಇವುಗಳಿಗೆ ಕೆಳಗಿನ ಒಂದು ಸಣ್ಣ ಸೀಳೇ ಭೇದ. ಯಂತ್ರಕ್ಕೆ ಅದು ಕಾಣದೆಂದು ಕಿತ್ತರೆ ದನವೂ ಧನವೂ ಒಂದಾಗುವುವು. (ಒಕ್ಕಲಿಗನಿಗೆ ಅವೆರಡೂ ಒಂದೇ ಆಗಿದ್ದ ಕಾಲವೊಂದಿತ್ತು; ಆದರೆ ಲಿಪಿಯಲ್ಲಿ ಅಲ್ಲ.) ಗ್ರಫಿಟಿಯು ಅಕ್ಷರಗಳ ಆಕಾರವನ್ನು ಕತ್ತರಿಸಿತೇ ಹೊರತು ಇಪ್ಪತ್ತಾರರಲ್ಲಿ ಒಂದನ್ನೂ ಕಡಿಮೆ ಮಾಡಲಿಲ್ಲ. ಯಂತ್ರವನ್ನು ಮಾರಲು ಬಂದವರೇ ಕೇಳದಿದ್ದುದನ್ನು ನಮ್ಮವರು ತಾವಾಗಿ ಕೊಡಹೊರಟಿರುವರು. ಉಚ್ಚಾರಣೆಯನ್ನಾಧರಿಸಿ ಮಹಾಪ್ರಾಣಗಳನ್ನು ಬಿಡಬೇಕೆಂಬ ಶ್ರೀ ಡಿ. ಎನ್. ಶಂಕರ ಭಟ್ಟರ ವಾದವು ಬೇರೆ. ಅದು ಭಾಷಾಶಾಸ್ತ್ರದ ವಾದ. ಅದನ್ನೂ ನಾನು ಒಪ್ಪುವವನಲ್ಲ, ಆದರೆ ಅದಕ್ಕೆ ಉತ್ತರವನ್ನು ಬೇರೆ ರೀತಿಯಲ್ಲಿ ಕೊಡಬೇಕು. ಯಂತ್ರದ ದೌರ್ಬಲ್ಯವನ್ನು ಲಿಪಿಯ ದೋಷವೆಂದು ತೋರಿಸುವುದು ಶಾಸ್ತ್ರವಲ್ಲ.

ಇಲ್ಲಿ ಒಂದು ಆಕ್ಷೇಪವುಂಟು, ಮತ್ತು ಅದು ಬಲವಾದುದು. ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ನೇರವಾದ ಗೆರೆಯನ್ನೆಳೆದರೆ ಗರಿಯು ಸೀಳುವುದರಿಂದ ಕನ್ನಡದ ಅಕ್ಷರಗಳು ದುಂಡಾದುವೆಂದು ಹಲವರು ಹೇಳುವರು. ಅಂದು ತಾಳೆಗರಿಗೆ ಬಗ್ಗಿದ ಲಿಪಿಯು ಇಂದು ಗಾಜಿಗೆ ಏಕೆ ಬಗ್ಗಬಾರದು? ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಅದನ್ನು ಬರೆದ ಚಪಡನೆಂಬ ಲಿಪಿಕಾರನು ಬ್ರಾಹ್ಮಿಯಲ್ಲಿ ಬರೆಯುತ್ತ ಬಂದು, ಕೊನೆಗೆ ತನ್ನ ವೃತ್ತಿಯ ಹೆಸರನ್ನು ಮಾತ್ರ ವಾಯವ್ಯದೇಶದ ಖರೋಷ್ಠಿಯಲ್ಲಿ ಬರೆದಿರುವನು. ಆ ಬ್ರಾಹ್ಮಿಯ ಕಡ್ಡಿಯಂತಹ ಅಕ್ಷರಗಳು ನಮ್ಮ ದುಂಡಕ್ಷರಗಳಾಗಲು ಎರಡು ಸಾವಿರ ವರ್ಷಕ್ಕೆ ಸಮೀಪವಾದ ಕಾಲ ಹಿಡಿಯಿತು. ಬರೆಯುವವರ ಕೈಯಲ್ಲಿಯೇ, ಯಾರ ಆಜ್ಞೆಯೂ ಇಲ್ಲದೆ, ಆಕಾರವು ಬದಲಾಯಿತು. ಅಕ್ಷರಗಳ ಭೇದವು ಅಳಿಯಲಿಲ್ಲ. ಱ, ೞಗಳು ಹೋದುವಲ್ಲಾ ಎಂದರೆ, ಅವು ಮೊದಲು ನಾಲಗೆಯಿಂದ ಹೋಗಿ ಅನಂತರ ಲೇಖನಿಯಿಂದ ಹೋದುವು.

ನಮ್ಮವರಿಗೂ ಕೈಗಣಕವಿತ್ತು, ಅದರ ಹೆಸರು ಕಡತ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಕಪ್ಪನ್ನೂ ಹಚ್ಚಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆದು, ಬೇಡವಾದಾಗ ಒರಸಿ ಮತ್ತೆ ಬರೆಯುತ್ತಿದ್ದರು. ಶಾನುಭೋಗರ ಲೆಕ್ಕವೂ ವರ್ತಕರ ಬಾಕಿಯೂ ಅದರಲ್ಲಿಯೇ. ಅವರು ಅವಸರಕ್ಕೆ ಮೋಡಿಯಲ್ಲಿ ಗೀಚಿದರೇ ಹೊರತು, ಕಡತಕ್ಕೆಂದು ಅಕ್ಷರಮಾಲೆಯನ್ನು ಯಾರೂ ಮೊಟಕು ಮಾಡಲಿಲ್ಲ. ಈಚೆಗೆ, 2001ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಎನ್‌ಕೋರ್ ಕಂಪನಿಯವರೊಡನೆ ಸೇರಿ ಸಿಂಪ್ಯೂಟರ್ ಎಂಬ ಕೈಗಣಕವನ್ನು ರೂಪಿಸಿದರು. ಕನ್ನಡವನ್ನು ತೋರಿಸುವುದೂ ಓದಿ ಹೇಳುವುದೂ ಅದರ ಉದ್ದೇಶಗಳಲ್ಲಿ ಸೇರಿದ್ದುವು. 2004ರಲ್ಲಿ ಅಮಿಡಾ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದ ಸಿಂಪ್ಯೂಟರಿನಲ್ಲಿ, ಯಾವ ಲಿಪಿಯಲ್ಲಿ ಗೀಚಿದರೂ ಅದನ್ನು ಓದುವ ಸಾಹಸಕ್ಕೆ ಹೋಗದೆ ಬರೆದಂತೆಯೇ ಚಿತ್ರವಾಗಿ ಇಟ್ಟುಕೊಳ್ಳುವ ಅನುಕೂಲವಿತ್ತು. ನನಗೆ ಇದು ಮೂರನೆಯ ಮಾರ್ಗವಾಗಿಯೂ ಪ್ರಾಮಾಣಿಕ ಮಾರ್ಗವಾಗಿಯೂ ತೋರುವುದು: ಓದಲಾರದ ಯಂತ್ರವು ಓದಲಾರೆನೆಂದು ಒಪ್ಪಿಕೊಂಡು ಸುಮ್ಮನೆ ಹೊತ್ತುಕೊಂಡಿರುವುದು. ಅದು ಕೆಲವೇ ಸಾವಿರ ಮಾರಿ ನಿಂತುಹೋಯಿತು; ಆದರೆ ಬೆಲೆ ಸುಮಾರು 10,000 ರೂಪಾಯಿಯಿಂದ ಮೊದಲಾಗುತ್ತಿದ್ದುದನ್ನು ನೆನೆದರೆ, ಒತ್ತಕ್ಷರದ ಮೇಲೆ ತಪ್ಪು ಹೊರಿಸಲು ಕಾರಣ ಕಾಣೆನು.

ಸಿರಿಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕೆ? ನಮ್ಮ ಊರಿನ ಶ್ರೀ ಶಿವಮೂರ್ತಿ ಶಿವಾಚಾರ್ಯ ಸ್ವಾಮಿಗಳು ಪಾಣಿನಿಯ ಸೂತ್ರಗಳನ್ನು ಗಣಕಕ್ಕೆ ಅಳವಡಿಸಿ ‘ಗಣಕಾಷ್ಟಾಧ್ಯಾಯಿ’ಯನ್ನು ಸಿದ್ಧಪಡಿಸಿದರು. ಸುಮಾರು 4,000 ಸೂತ್ರಗಳು ಹೆಚ್ಚಾದುವು, ಅರ್ಧಕ್ಕೆ ಇಳಿಸಿ ಎಂದು ಅವರು ಪಾಣಿನಿಯನ್ನು ಕೇಳಲಿಲ್ಲ.

ಈಗಂತೂ ವಾದದ ಬುಡವೇ ಹೋಗಿದೆ. ವಿಜ್ಞಾನ ಸಂಸ್ಥೆಯ ಪ್ರೊ. ಎ. ಜಿ. ರಾಮಕೃಷ್ಣನ್ ಅವರ ಬಳಗವು ಕನ್ನಡದ ಮತ್ತು ತಮಿಳಿನ ಕೈಬರಹವನ್ನು ಗಣಕದಿಂದ ಓದಿಸುವ ಕೆಲಸವನ್ನು ಮಾಡಿದೆ. 2015ರಲ್ಲಿ ಗೂಗಲ್ ಕಂಪನಿಯು 82 ಭಾಷೆಗಳ ಕೈಬರಹವನ್ನು ಮೊಬೈಲಿನಲ್ಲಿ ಓದುವ ಸಾಧನವನ್ನು ಹೊರತಂದಿತು. ಅವುಗಳಲ್ಲಿ ಕನ್ನಡವೂ ಒಂದು. ನನ್ನ ಮೊಮ್ಮಗಳ ಮೊಬೈಲಿನ ಗಾಜಿನ ಮೇಲೆ ನಾನು ಬೆರಳಿನಿಂದ ‘ಕೃತ್ಸ್ನ’ ಎಂದು ಬರೆದೆನು. ಎರಡನೆಯ ಸಲಕ್ಕೆ ಅದು ಸರಿಯಾಗಿ ಓದಿತು. ಎಷ್ಟೋ ಜನ ವಿದ್ಯಾರ್ಥಿಗಳಿಗೆ ಮೂರು ಸಲ ಹೇಳಿಕೊಟ್ಟ ನೆನಪು ನನಗಿದೆ.

ಕೈಬರಹದ ಸ್ಪರ್ಧೆಯ ವಿಷಯದಲ್ಲಿ ಸ್ನೇಹಿತರ ಒಂದು ದೂರನ್ನು ಮಾತ್ರ ಒಪ್ಪುವೆನು. ತೀರ್ಪುಗಾರರಾದ ನಾವು, ನಾನೂ ಸೇರಿ, ದುಂಡಾದ ಅಕ್ಷರವನ್ನೇ ನೋಡಿ ಅಂಕ ಕೊಡುತ್ತ ಬಂದು ಅದನ್ನೊಂದು ಚಿತ್ರಕಲೆಯ ಪರೀಕ್ಷೆಯನ್ನಾಗಿ ಮಾಡಿರುವೆವು. ಆದುದರಿಂದ ಸಭೆಯ ಮುಂದೆ ನನ್ನ ಸೂಚನೆಯು ಹೀಗಿದೆ: ಸ್ಪರ್ಧೆಯನ್ನು ನಿಲ್ಲಿಸಬೇಡಿ, ನೋಡಿ ಬರೆಯುವುದನ್ನು ನಿಲ್ಲಿಸಿ. ಪ್ರತಿಯೊಂದು ಮಗುವೂ ತನ್ನ ಊರಿನ ಹಿರಿಯರೊಬ್ಬರ ಬಳಿ ಒಂದು ಗಂಟೆ ಕುಳಿತು, ಅವರು ಹೇಳಿದ ಇಪ್ಪತ್ತು ಮಾತುಗಳನ್ನು ಕೇಳಿದಂತೆಯೇ, ಒತ್ತು ದೀರ್ಘಗಳೊಡನೆ, ಕನ್ನಡದಲ್ಲಿ ಬರೆದು ತರಲಿ. ಕಾಗದದ ಮೇಲೆ ಬರೆಯಲಿ, ಮೊಬೈಲಿನ ಮೇಲೆ ಬೆರಳಿನಿಂದ ಬರೆಯಲಿ, ನನ್ನ ಆಕ್ಷೇಪವಿಲ್ಲ. ಈ ವರ್ಷದ ವಿಷಯವು ಕೂರಿಗೆಯಾಗಿರಲಿ. ನನ್ನ ಪಟ್ಟಿಯಲ್ಲಿ ನಿಂತುಹೋಗಿರುವ ಆ ನಾಲ್ಕಕ್ಷರದ ಪದವನ್ನು ಸರಿಯಾಗಿ ಬರೆದು ತಂದ ಮಗುವಿಗೆ ಮೊದಲ ಬಹುಮಾನವನ್ನು ನನ್ನ ಪಿಂಚಣಿಯಿಂದ ನಾನೇ ಕೊಡುವೆನು.